ಕವಿತಳ ಕಾರಿಗೆ ಕರೆಂಟು

ಸೋಮನಹಳ್ಳಿ, ಮದ್ದೂರು ತಾಲ್ಲೂಕು
೧೮ ಜೂನ್ ೨೦೨೫, ಬುಧವಾರ

ಚಿ. ಸೌ. ಕವಿತಳಿಗೆ,

ನಿನ್ನ ಅವ್ವನ ಆಶೀರ್ವಾದ. ನೀನು, ಅಳಿಯಂದಿರು, ನನ್ನ ಬಂಗಾರ ಗಗನ ಮೂವರೂ ಹಾಸನದಲ್ಲಿ ಚೆನ್ನಾಗಿದ್ದೀರೆಂದು ನಿನ್ನೆ ಫೋನಿನಲ್ಲಿ ನೀನೇ ಹೇಳಿದ್ದರಿಂದ ಕ್ಷೇಮಸಮಾಚಾರ ಕೇಳುವುದಿಲ್ಲ. ನನ್ನದು ಹೇಳುವುದಾದರೆ ಮಂಡಿನೋವು ಇದ್ದಲ್ಲೇ ಇದೆ, ಹೊಟ್ಟೆಗೆ ಚೆನ್ನಾಗಿ ಸೇರುತ್ತದೆ. ಫೋನಿರುವಾಗ ಅವ್ವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ನಾನು ಮಾತು ಶುರುಮಾಡುವಷ್ಟರಲ್ಲಿ ನಿನಗೆ ಯಾವುದೋ ಊರಿನ ಹಸು ಕರು ಹಾಕಲು ತಿಣುಕುತ್ತಿರುತ್ತದೆ. ಪಶುವೈದ್ಯೆಯನ್ನು ಹೆತ್ತವಳು ಹಸುಗಳ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಮೂವತ್ತು ವರ್ಷ ಅಂಗನವಾಡಿಯಲ್ಲಿ ರಿಜಿಸ್ಟರು ಬರೆದ ಕೈ ನನ್ನದು, ಬಾಯಿಗಿಂತ ಕೈಯೇ ಹೆಚ್ಚು ನೆಟ್ಟಗೆ ಮಾತಾಡುತ್ತದೆ. ಯುಗಾದಿ ಮುಗಿಸಿ ನೀನು ಹೊರಟಾಗಲೇ ಬರೆಯುತ್ತೇನೆ ಎಂದಿದ್ದೆ, ಎರಡೂವರೆ ತಿಂಗಳು ತಡವಾಯಿತು. ಕ್ಷಮಿಸು.

ಮೊದಲು ಸಂತೋಷದ ಸುದ್ದಿ. ನಿನ್ನ ಕಾರಿಗೆ ಸಾಕೆಟ್ಟು ಕೂತಿದೆ.

ಯುಗಾದಿಯ ದಿನದ ಫಜೀತಿ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಿಕ್ಸಿ ಹಾಕುವ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಗಿಸಿ, ಕಿಟಕಿಯಿಂದ ಆಚೆಗೆ ವೈರು ಎಳೆದು, ಕಾರಿಗೆ ಹಚ್ಚಿ ನಾವು ಹೋಳಿಗೆ ಊಟಕ್ಕೆ ಕೂತೆವು. ಪಕ್ಕದ ಮನೆಯಿಂದ ನಿನ್ನ ಚಿಕ್ಕಮ್ಮ ವೀಣ "ಅಕ್ಕಾ, ಏನೋ ಸುಟ್ಟ ವಾಸ್ನೆ ಬತ್ತಾ ಅದೆ ನೋಡಿ" ಎಂದು ಕೂಗದೇ ಇದ್ದಿದ್ದರೆ ಕಿಟಕಿಯ ಪರದೆಗೆ ಬೆಂಕಿ ಹತ್ತುತ್ತಿತ್ತು. ಬಾಕ್ಸು ಕರಗಿ, ಒಗ್ಗರಣೆಗೆ ಹೊತ್ತಿದ ಬಾಣಲೆಯ ತಳದಂತೆ ಕಪ್ಪಾಗಿತ್ತು. ಅವತ್ತು ನೀನು ಅರೆಹೊಟ್ಟೆ ಕಾರಿನಲ್ಲೇ ಹೆದ್ದಾರಿಯ ಚಾರ್ಜಿಂಗ್ ಜಾಗ ಹುಡುಕಿಕೊಂಡು ಹೊರಟೆ. ಹೊರಡುವ ಮುಂಚೆ ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. "ಸರಿಯಾದ ಪಾಯಿಂಟ್ ಆಕ್ಸವ್ವ, ಒಂದ್ ರಾತ್ರಿ ಇದ್ದೇ ಓಯ್ತೀನಿ. ಆದ್ರೆ ಚಿಕ್ಕಪ್ಪ ಮುಟ್ಟಿದ ವೈರಿಗೆ ನನ್ ಕಾರ್ ಸಿಗ್ಸಲ್ಲ. ಈಗ್ಲೇ ಏಳಿವ್ನಿ."

ಹನ್ನೊಂದು ವರ್ಷದಿಂದ ನೀನು ಈ ಮನೆಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ ಕವಿತ. ಬೆಳಿಗ್ಗೆ ಬರುತ್ತೀಯ, ಸಂಜೆಗೆ ಹೊರಡುತ್ತೀಯ. ಗಗನ ಒಂದು ದಿನವೂ ನನ್ನ ಪಕ್ಕದಲ್ಲಿ ಮಲಗಿ ಕತೆ ಕೇಳಿಲ್ಲ. ಆದ್ದರಿಂದ ಈ ಕಾರಿಗೆ ಮನೆಯ ಪ್ಲಗ್ಗಿನಿಂದ ಹೊಟ್ಟೆ ತುಂಬಲು ಎಂಟೊಂಬತ್ತು ಗಂಟೆ ಬೇಕು ಎಂದು ನೀನು ಬೇಜಾರಿನಿಂದ ಹೇಳಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಇನ್ನೂ ನಿಧಾನವಾಗಿ ತುಂಬುವ ಕಾರು ಯಾವುದಾದರೂ ಇತ್ತೇನೋ, ಅದನ್ನೇ ಕೊಳ್ಳಬಾರದಿತ್ತೇ ಎಂದುಕೊಂಡೆ.

ನೀನು ಹೋದ ಮಾರನೆಯ ವಾರವೇ ಕೆಲಸ ಶುರುಮಾಡಿದೆ. ಇಲ್ಲಿ ಎಲ್ಲರೂ ಇಂಜಿನಿಯರುಗಳೇ. ಹಿಂದಿನ ಬೀದಿಯ ತಿಮ್ಮಯ್ಯ ಜಗಲಿಯ ಮೇಲೆ ಕೂತು ಬಿಟ್ಟಿ ಸಲಹೆ ಕೊಟ್ಟ. "ಮನೆ ಮೀಟ್ರಿಗ್ಯಾಕೆ ಆಕ್ಸೀಯೆ ದೇವಿರಕ್ಕ? ಪಂಪ್‌ಸೆಟ್ ಲೈನು ಇತ್ಲಲ್ಲೇ ಓಗದೆ. ಒಂದ್ ತಂತಿ ಅದ್ರಿಂದ ತಗೊ, ಇನ್ನೊಂದ್ನ ನಲ್ಲಿ ಪೈಪಿಗೆ ಕಟ್ಬುಡು. ಕಾರು ಕುಡ್ಕತದೆ, ಬಿಲ್ಲೂ ಬರಾಕಿಲ್ಲ."

ನಿನ್ನ ಚಿಕ್ಕಪ್ಪ ಶಿವರಾಜು ತನ್ನ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದವನು ಎದ್ದು ನಿಂತ. ನಡುವಿನ ಗೋಡೆ ಸೊಂಟದಷ್ಟು ಎತ್ತರ, ನಿನಗೆ ಗೊತ್ತಲ್ಲ. "ಲೇ ತಿಮ್ಮಯ್ಯ, ಆ ಪೈಪಿಗೆ ಕಟ್ಟೋ ಮಾತ ಇನ್ನೊಂದ್ ಸತಿ ಈ ಮನೆ ಬಾಗ್ಲಲ್ಲಿ ಆಡ್ಬುಟ್ಟೀಯೆ, ಉಸಾರು ಕಣ್ಲಾ!" ಎಂದ. ಜೊತೆಯಲ್ಲಿ ದನ ಕಾಯ್ದವರು, ಒಂದೇ ಬೀಡಿ ಹಂಚಿಕೊಂಡವರು. ತಿಮ್ಮಯ್ಯನ ಮುಖ ಸಪ್ಪಗಾಯಿತು. ನನಗೂ ಆಶ್ಚರ್ಯ. ನಿಮ್ಮಪ್ಪ ಹೋದ ಮೇಲೆ ಶಿವರಾಜು ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ಹಬ್ಬಕ್ಕೆ ಎಡೆ ತಂದುಕೊಡುತ್ತಾನೆ, ಕಬ್ಬು ಕಡಿಸಿ ನನ್ನ ಪಾಲಿನದನ್ನು ಮುಟ್ಟಿಸುತ್ತಾನೆ, "ಊಟ ಆಯ್ತಾ ಅತ್ಗೆ" ಎನ್ನುತ್ತಾನೆ, ಅಷ್ಟೇ.

ನಾನು ಗೋಡೆಯ ಹತ್ತಿರ ಹೋಗಿ, ಯಾರನ್ನು ಕರೆಸಲಿ ಎಂದು ಕೇಳಿದೆ. ಒಂದು ಕಾಲಕ್ಕೆ ಸುತ್ತಲ ಹತ್ತು ಊರಿನ ಮೋಟಾರು ಬಿಚ್ಚಿ ಕಟ್ಟಿದವನು ಅವನು. "ನಾನ್ ಮುಟ್ಟಾಕಿಲ್ಲ ಅತ್ಗೆ. ಕವಿತ ಏಳಿದ್ದು ನಂಗೂ ಕೇಳುಸ್ತು. ಗೆಜ್ಜಲಗೆರೆ ಮರಿಸಿದ್ದಯ್ಯನ್ನ ಕರ್ಸಿ. ಲೈಸೆನ್ಸು ಐತೆ, ಆತುರ ಇಲ್ಲ" ಎಂದ. ನೀನು ಅಂದದ್ದು ಅವನಿಗೆ ಕೇಳಿಸಿತ್ತು. ಅವನು ಅದನ್ನು ಹೇಳಿದ ರೀತಿಯಲ್ಲಿ ಕೋಪವಿರಲಿಲ್ಲ.

ಮರಿಸಿದ್ದಯ್ಯ ಮಂಡ್ಯದ ಐಟಿಐಯಲ್ಲಿ ಕಲಿತವರು, ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು ಈಗ ಮನೆಗಳ ಕೆಲಸ ಮಾಡುತ್ತಾರೆ. ಆತುರವಿಲ್ಲ ಎಂದು ಶಿವರಾಜು ಹೇಳಿದ್ದು ನಿಜ. ಇವತ್ತು ಎಂದರೆ ಇನ್ನೊಂದು ವಾರ, ಮಳವಳ್ಳಿಯಲ್ಲಿ ಒಂದು ಕೆಲಸ ಮುಗಿಸಿ ಬರುತ್ತೇನೆ ಎಂದರೆ ಮುಂದಿನ ತಿಂಗಳು. ಬಂದವರು ಮೊದಲ ದಿನ ಒಂದು ತಂತಿಯನ್ನೂ ಮುಟ್ಟಲಿಲ್ಲ. ಮೀಟರ್ ನೋಡಿದರು, ಗೋಡೆ ತಟ್ಟಿದರು, ಕಾಫಿ ಕುಡಿದರು. "ಏನ್ ಸಾರ್, ನೋಡಾಕ್ ಬಂದ ಗಂಡಿನಂಗೆ ಸುತ್ತಾ ಇದೀರಲ್ಲ" ಎಂದೆ. ನಕ್ಕರು. "ಮಿಕ್ಸಿ ಐದು ನಿಮ್ಸ ತಿರುಗ್ತದೆ ಕಣಮ್ಮ, ನಿಂತ್ಕತದೆ. ಕಾರು ರಾತ್ರಿಯೆಲ್ಲ ಒಂದೇ ಸಮ ಎಳೀತದೆ. ನಿಮ್ ಗೋಡೆ ಒಳಗಿರೋ ವೈರು ನೂಲಿನಂಗದೆ. ಅದುನ್ನ ನಂಬಕಾಗಕಿಲ್ಲ" ಎಂದರು.

ಆಮೇಲೆ ಮನೆಗೆ ಮಂಜೂರಾದ ಲೋಡು ಸಾಲದು, ಹೆಚ್ಚಿಸಬೇಕು ಎಂದು ಅರ್ಜಿ ಬರೆಸಿದರು. ಅದು ಮಂಜೂರಾಗಿ ಬಂದ ಮೇಲೆ ಇಬ್ಬರೂ ಮದ್ದೂರು ಪೇಟೆಗೆ ಹೋದೆವು. ಸಾಕೆಟ್ಟಿನಲ್ಲಿ ಇಷ್ಟು ಜಾತಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯವನು ಹೊಳೆಯುವ ಬಿಳಿಯದೊಂದನ್ನು ಮುಂದಿಟ್ಟು, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದ. ಮರಿಸಿದ್ದಯ್ಯ ತಮ್ಮ ಚೀಲದಿಂದ ದಪ್ಪ ಮೂರು ಕಡ್ಡಿಯ ಪ್ಲಗ್ಗು ತೆಗೆದು ಅದಕ್ಕೆ ತುರುಕಿ ಎಳೆದರು. ಸಲೀಸಾಗಿ ಬಂತು. "ಇದು ಬೇಡ. ಬಾಯಿ ಸಡ್ಲ. ಸಡ್ಲ ಇದ್ದಲ್ಲಿ ಕಾವು ಉಟ್ಟತದೆ" ಎಂದರು. ನಾನು ನೀಲಿ ಬಣ್ಣದ, ಕಾರ್ಖಾನೆಯಲ್ಲಿ ಹಾಕುವ ದುಂಡನೆಯದನ್ನು ತೋರಿಸಿದೆ, ನೋಡಲು ಗಟ್ಟಿಮುಟ್ಟಾಗಿತ್ತು. ಅದು ಒಳ್ಳೆಯದೇ, ಆದರೆ ನಿನ್ನ ಕಾರಿನ ಜೊತೆ ಬಂದ ಪ್ಲಗ್ಗು ಅದಕ್ಕೆ ಕೂರುವುದಿಲ್ಲವಂತೆ. ಕಂಪನಿಯ ಪ್ಲಗ್ಗು ಕತ್ತರಿಸಬಾರದು, ನಡುವೆ ಇನ್ನೊಂದು ಅಡಾಪ್ಟರು ಸಿಗಿಸಲೂ ಬಾರದು. ಕೊನೆಗೆ ನಾಲ್ಕನೆಯ ಅಂಗಡಿಯಲ್ಲಿ ಐಎಸ್ಐ ಗುರುತಿರುವ ಹದಿನಾರು ಆಂಪಿಯರಿನದು ಸಿಕ್ಕಿತು, ಮಳೆ ಹೋಗದ ಮುಚ್ಚಳದ ಪೆಟ್ಟಿಗೆಯ ಸಮೇತ. ಪ್ಲಗ್ಗು ಎಳೆಯಲು ಮರಿಸಿದ್ದಯ್ಯ ಎರಡೂ ಕೈ ಹಾಕಬೇಕಾಯಿತು. ನಾಲ್ಕು ಅಂಗಡಿ ಹತ್ತಿಳಿದ ನನ್ನ ಮಂಡಿಯನ್ನು ಕೇಳುವವರಿಲ್ಲ.

ಈಗ ಮೀಟರಿನಿಂದ ನೆಟ್ಟಗೆ ನಾಲ್ಕು ಚದರ ಎಂಎಂ ತಾಮ್ರದ ವೈರು ಬಂದಿದೆ. ಅದರಲ್ಲಿ ಒಂದು ಬಲ್ಬೂ ಇಲ್ಲ, ಫ್ಯಾನೂ ಇಲ್ಲ, ನಿನ್ನ ಕಾರಿಗೊಂದಕ್ಕೇ ಮೀಸಲು. ಅದಕ್ಕೇ ಬೇರೆ ಎಂಸಿಬಿ ಸ್ವಿಚ್ಚು. ಜೊತೆಗೆ ಆರ್‌ಸಿಸಿಬಿ ಎಂದು ಇನ್ನೊಂದು ಹಾಕಿದ್ದಾರೆ, ಕರೆಂಟು ದಾರಿ ತಪ್ಪಿ ಮೈಗೆ ಹರಿಯಿತು ಎಂದರೆ ಕಣ್ಣು ಮಿಟುಕಿಸುವುದರೊಳಗೆ ಅದು ಕರೆಂಟು ಕಡಿದುಬಿಡುತ್ತದೆ. ಅದರ ಮೇಲಿನ ಪುಟ್ಟ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡು ಎಂದಿದ್ದಾರೆ, ನಾನು ದಿನಾ ಒತ್ತಿ ನೋಡುತ್ತೇನೆ. ಸಾಕೆಟ್ಟನ್ನು ಗಗನಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ಸೂರಿನ ಕೆಳಗೆ ಕೂರಿಸಿದ್ದಾರೆ. ಕೊಟ್ಟಿಗೆಯ ಕಡೆ ಬೇಡವೇ ಬೇಡ ಎಂದರು, ಅಲ್ಲಿ ಸದಾ ನೀರು, ಗಂಜಲ.

ಇನ್ನು ಅರ್ತಿಂಗಿನ ವಿಷಯ. ಇದನ್ನು ಓದಿ ಹುಬ್ಬು ಗಂಟಿಕ್ಕಬೇಡ. ಮನೆ ಮುಂದಿನ ಹಳೆಯ ಅರ್ತ್ ಗುಂಡಿ ನಿಮ್ಮ ತಾತನ ಕಾಲದ್ದು. ಅದು ಬದುಕಿದೆಯೋ ಸತ್ತಿದೆಯೋ ನೋಡೋಣ ಎಂದು ಹೋದ ಗುರುವಾರ ಮಧ್ಯಾಹ್ನ ಮರಿಸಿದ್ದಯ್ಯ ಹೋಲ್ಡರಿನಲ್ಲಿ ಒಂದು ಬಲ್ಬು ಸಿಕ್ಕಿಸಿ, ಅದರ ಒಂದು ವೈರನ್ನು ಕರೆಂಟಿಗೆ, ಇನ್ನೊಂದನ್ನು ಆ ಗುಂಡಿಯ ತಂತಿಗೆ ಹಿಡಿದರು. ಬಲ್ಬು ಹತ್ತಲಿಲ್ಲ. "ಕರೆಂಟ್ ಓಯ್ತೇನೋ" ಎಂದೆ. "ಕರೆಂಟ್ ಐತೆ ಕಣಮ್ಮ. ಬಲ್ಬ್ ದಾಟ್ಕಂಡು ಈ ತಂತಿ ತುದೀಗೂ ಬಂದು ನಿಂತೈತೆ. ಭೂಮಿಗಿಳಿಯಾಕೆ ದಾರಿ ಇಲ್ಲ, ಅದ್ಕೆ ಬಲ್ಬ್ ಉರೀತಾ ಇಲ್ಲ. ಬರಿಗಾಲಲ್ಲಿ ಯಾರಾನ ಮುಟ್ಟುದ್ರೆ ಅವ್ರೇ ದಾರಿ ಆಯ್ತಾರೆ" ಎಂದರು. ನನಗೆ ಬಿಸಿಲಿಗೋ ಏನೋ ತಲೆ ಸುತ್ತಿ ಜಗಲಿಯ ಮೇಲೆ ಕೂತೆ. ವೀಣ ಓಡಿಬಂದು ಮಜ್ಜಿಗೆ ಕೊಟ್ಟಳು. ಸುಧಾರಿಸಿಕೊಂಡಿದ್ದೇನೆ, ಗಾಬರಿ ಬೇಡ.

ಹೊಸ ಗುಂಡಿಗೆ ಸದಾ ತೇವವಿರುವ ಮಣ್ಣು ಬೇಕಂತೆ. ನಮ್ಮ ಅಂಗಳವೆಲ್ಲ ಸಿಮೆಂಟು. ತೇವ ಇರುವುದು ಗೋಡೆಯ ಆಚೆ, ನಿನ್ನ ಚಿಕ್ಕಪ್ಪನ ಮನೆಯ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಮಾತ್ರ. ನಾನು ಬಾಯಿಬಿಟ್ಟು ಕೇಳುವ ಮೊದಲೇ ಶಿವರಾಜು ಹಾರೆ ತಂದಿದ್ದ. ಐವತ್ತಾರು ವರ್ಷದವನು, ಎಂಟಡಿ ಆಳ ಒಬ್ಬನೇ ಅಗೆದ. ಕೂಲಿಯವರನ್ನು ಕರೆಯೋಣ ಎಂದರೆ ಕೇಳಲಿಲ್ಲ. ಮರಿಸಿದ್ದಯ್ಯ ಕಡ್ಡಿ ಇಳಿಸಿ, ಇದ್ದಿಲು ಉಪ್ಪು ತುಂಬಿ, ಮತ್ತೆ ಬಲ್ಬು ಹಿಡಿದರೆ ಝಗ್ಗೆಂದು ಹತ್ತಿತು. ಆಮೇಲೆ ಮೀಟರಿಟ್ಟು ಅಳೆದು ಸರಿಯಾಗಿದೆ ಎಂದರು. ನಿನ್ನ ಷರತ್ತು ಮುರಿದಿಲ್ಲ ಕವಿತ, ಅವನು ವೈರು ಮುಟ್ಟಲಿಲ್ಲ, ಮಣ್ಣು ಮಾತ್ರ ಅಗೆದ.

ಅವನ ಹೆಸರು ಎತ್ತಿದರೆ ನಿನ್ನ ಮುಖ ಬಿಗಿಯುವುದು ನನಗೆ ಗೊತ್ತು. ನಿಮ್ಮಪ್ಪ ತೀರಿಕೊಂಡ ವಾರವೇ ಅವನು ಬೋರಿನ ಕಬ್ಬಿಣದ ಪೈಪು ತೆಗೆಸಿ ಪ್ಲಾಸ್ಟಿಕ್ ಪೈಪು ಇಳಿಸಿ, ಮೋಟಾರಿಗೆ ಮರಳಿ ವೈರು ಕೊಟ್ಟಿದ್ದ. ಎರಡು ದಿನ ಕಳೆದು, ಸಂಜೆ ಗದ್ದೆಯಿಂದ ಬಂದ ನಿಮ್ಮಪ್ಪ ಕಾಲು ತೊಳೆಯಲು ಹೋಗಿ ಬೋರಿನ ಮೇಲೆ ಉಳಿದಿದ್ದ ಕಬ್ಬಿಣದ ಬೆಂಡು, ನೀರು ಬೀಳುವ ಆ ಬಾಗಿದ ತುಂಡು, ಹಿಡಿದರು, ಕರೆಂಟು ಹೊಡೆಯಿತು. ಶಿವರಾಜು ಕೊಟ್ಟ ವೈರು ಸರಿಯಿರಲಿಲ್ಲ ಎಂದು ಊರೇ ಮಾತಾಡಿತು. ಓದು ಬಿಟ್ಟು ಓಡಿಬಂದ ನೀನು ನೆಂಟರಿಷ್ಟರ ಮುಂದೆ "ನಮ್ಮಪ್ಪನ್ನ ನೀನೇ ಕೊಂದೆ" ಎಂದೆ. ಅವನು ತಲೆ ತಗ್ಗಿಸಿ ನಿಂತ, ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವತ್ತಿನಿಂದ ಸ್ಪ್ಯಾನರು ಮುಟ್ಟಿಲ್ಲ. ನಾನೂ ನಿನ್ನನ್ನು ತಡೆಯಲಿಲ್ಲ, ಯಾಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ.

ಬರುವಾಗ ಕಾರಿನ ಜೊತೆ ಬಂದ ಚಾರ್ಜರನ್ನೇ ತಾ, ಬೇರೆಯದು ಬೇಡ. ಹಚ್ಚಿದ ಒಂದು ಗಂಟೆಗೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಬೇಕಂತೆ; ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಸುಟ್ಟರೆ ಎಂಸಿಬಿ ಆರಿಸಿ ಆಮೇಲೆ ಕೀಳಬೇಕು. ಒದ್ದೆ ಕೈ ಬೇಡ. ಇಷ್ಟೆಲ್ಲ ಓದಿದ ನಿನಗೆ ನಾನು ಹೇಳುವುದು ಹೆಚ್ಚಾಯಿತು, ಆದರೂ ಹೇಳುತ್ತೇನೆ. ಮರಿಸಿದ್ದಯ್ಯ ಎರಡು ಇಸ್ತ್ರಿಪೆಟ್ಟಿಗೆ ಹಚ್ಚಿ ಎರಡು ಗಂಟೆ ಕಾದು ನೋಡಿದ್ದಾರೆ, ಸಾಕೆಟ್ಟು ತಣ್ಣಗಿತ್ತು. ಆ ನೆಪದಲ್ಲಿ ನನ್ನ ಸೀರೆಗಳೆಲ್ಲ ಇಸ್ತ್ರಿಯಾದವು.

ಅಳಿಯಂದಿರಿಗೆ ನನ್ನ ನಮಸ್ಕಾರ. ಗಗನಳಿಗೆ ಅಜ್ಜಿಯ ಮುತ್ತು. ನಿನ್ನ ಕೈಗುಣ ಬೆಳೆಯಲಿ, ನೀನು ಮುಟ್ಟಿದ ಹಸುಕರು ಎದ್ದು ನಿಲ್ಲಲಿ, ದಾರಿಯಲ್ಲಿ ನಿನಗೆ ಯಾವ ತೊಡಕೂ ಬಾರದಿರಲಿ.

ಇಂತು ನಿನ್ನ ಅವ್ವ,
ದೇವಿರಮ್ಮ

ವಿ.ಸೂ.: ಸಹಿ ಮಾಡಿ, ಮಡಿಸಿ, ಮತ್ತೆ ಬಿಚ್ಚಿದ್ದೇನೆ. ಈ ಕಾಗದ ಬರೆಯಲು ಕೂತದ್ದೇ ಈ ಮಾತಿಗಾಗಿ. ಧೈರ್ಯ ಸಾಲದೆ ಇಷ್ಟು ಹೊತ್ತು ಸಾಕೆಟ್ಟಿನ ಸುತ್ತ ಸುತ್ತಿದೆ.

ಆ ವರ್ಷ ಪಂಪ್ ಮನೆಗೆ ಬಲ್ಬು ಕಟ್ಟಿದವಳು ನಾನು. ಸಂಜೆ ಹುಲ್ಲಿಗೆ ಹೋದಾಗ ಒಂದು ದಿನ ಹಾವು ಕಂಡಿತ್ತು. ಪಂಪ್‌ಸೆಟ್ಟಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಇರಲಿಲ್ಲ. ಊರಿನವರೆಲ್ಲ ಮಾಡುವ ಹಾಗೆ ಸ್ಟಾರ್ಟರಿನಿಂದ ಒಂದು ತಂತಿ ತೆಗೆದೆ, ಇನ್ನೊಂದನ್ನು ಬೋರಿನ ಕಬ್ಬಿಣದ ಪೈಪಿನ ಮೇಲಿನ ಬೆಂಡಿಗೆ ಸುತ್ತಿದೆ. ಚೆನ್ನಾಗಿಯೇ ಉರಿಯುತ್ತಿತ್ತು. ಪೈಪು ಪ್ಲಾಸ್ಟಿಕ್ಕಾದ ಮೇಲೆ ನನ್ನ ತಂತಿ ಆ ಬೆಂಡಿನಲ್ಲಿ ಹಾಗೇ ಉಳಿಯಿತು, ಆ ಬೆಂಡಿಗೂ ಭೂಮಿಗೂ ಸಂಬಂಧವಿಲ್ಲ ಎಂದು ನನಗೆ ತಿಳಿಯಲಿಲ್ಲ. ಅವತ್ತು ಸಂಜೆ ಸ್ವಿಚ್ಚು ಹಾಕಿದೆ. ಬಲ್ಬು ಹತ್ತಲಿಲ್ಲ. ಕರೆಂಟು ಹೋಗಿದೆ ಎಂದುಕೊಂಡು ಸ್ವಿಚ್ಚು ಆರಿಸದೆ ಹುಲ್ಲಿನ ಹೊರೆ ಹೊತ್ತು ಮನೆಗೆ ಬಂದೆ. ಅರ್ಧ ಗಂಟೆಗೆ ನಿಮ್ಮಪ್ಪ ಅಲ್ಲಿಗೆ ಹೋದರು.

ಹನ್ನೊಂದು ವರ್ಷ ನನಗಿದು ಹೊಳೆಯಲಿಲ್ಲ, ಹೋದ ಗುರುವಾರ ಮರಿಸಿದ್ದಯ್ಯ ಬಾಯಿಬಿಡುವವರೆಗೆ. ಅವರು ಹೋದ ಮೇಲೆ ಶಿವರಾಜುವನ್ನು ಕೇಳಿದೆ, ಆ ಬಲ್ಬಿನ ತಂತಿ ಏನಾಯಿತು ಎಂದು. ಮೊದಲು ಯಾವ ತಂತಿ ಎಂದ. ನಾನು ಬಿಡಲಿಲ್ಲ. "ಕಿತ್ತು ಜೇಬಿಗಾಕ್ಕಂಡೆ ಅತ್ಗೆ" ಎಂದ. ಅವತ್ತು ಮೊದಲು ಓಡಿಹೋದವನು ಅವನೇ. ಮೈನ್ ಆರಿಸಿದ, ತಂತಿ ನೋಡಿದ, ಉಳಿದವರು ಬರುವುದರೊಳಗೆ ಕಿತ್ತ. "ಪೈಪ್ ಬದ್ಲಾಯ್ಸಿದೋನು ನಾನು, ತಂತಿ ನೋಡ್ಬೇಕಾಗಿತ್ತು. ನನ್ ತಪ್ಪೂ ಐತೆ" ಎಂದ. ಕವಿತ ಹಾಗೆ ಅಂದಾಗಲಾದರೂ ಬಾಯಿ ಬಿಡಬಾರದಿತ್ತೇನೋ ಎಂದು ಅತ್ತುಬಿಟ್ಟೆ. ಅದಕ್ಕೆ ಅವನು, "ಮಗಿಗೆ ಅಪ್ಪ ಓದ. ಅವ್ವನೂ ಓಗ್ಲಿ ಅಂತೀರಾ? ಚಿಕ್ಕಪ್ಪ ಓದ್ರೆ ಓಗ್ಲಿ ಬುಡಿ" ಎಂದ.

ನೀನು ಅವತ್ತು ಅಂದ ಮಾತು ನನಗೆ ಸೇರಬೇಕಾದದ್ದು ಮಗಳೇ. ಬೇಕೆಂದು ಮಾಡಲಿಲ್ಲ ಎಂದು ನಾನು ಹೇಳಬಹುದು, ಅವನೂ ಹೇಳಬಹುದಿತ್ತು. ಬರುವುದು, ಉಳಿಯುವುದು ಇನ್ನು ನಿನಗೆ ಬಿಟ್ಟದ್ದು, ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಒಂದೇ ಕೇಳುತ್ತೇನೆ. ಇದನ್ನು ಓದಿದ ಮೇಲೆ ಫೋನು ಕೈಗೆತ್ತಿಕೊಂಡರೆ ಮೊದಲು ನಿನ್ನ ಚಿಕ್ಕಪ್ಪನಿಗೆ ಮಾಡು. ನನಗೆ ಆಮೇಲೆ ಮಾಡಿದರೂ ಸರಿ, ಮಾಡದಿದ್ದರೂ ಸರಿ.